ಪೌಂಡ್ ಚಿಹ್ನೆಯೊಳಗಿನ ‘ನ’

ಪ್ರಶ್ನೆ: ಹಳ್ಳಿಶಾಲೆಯ ಮೇಷ್ಟ್ರಾಗಿದ್ದ ನಮ್ಮ ತಂದೆಯವರು 2004ರಲ್ಲಿ ತಮ್ಮ ನೆನಪುಗಳನ್ನು ಟೈಪ್ ಮಾಡಿಸಿ ಸಿಡಿಯಲ್ಲಿ ಇಟ್ಟಿದ್ದರು. ಈಗ ಅವರಿಲ್ಲ. ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ವೈರಸ್ ತಿಂದಿದೆ, ಬಿಟ್ಟುಬಿಡಿ ಎಂದು ಅಂಗಡಿಯವರು ಹೇಳಿದರು. ಒಂದು ಪುಟ ಮುದ್ರಿಸಿ ಕಳುಹಿಸಿದ್ದೇನೆ.
– ನಿವೃತ್ತ ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು

ಉತ್ತರ: ವೈರಸ್ಸೂ ಇಲ್ಲ, ಏನೂ ಇಲ್ಲ. ಸಿಡಿಯನ್ನು ಎಸೆದಿಲ್ಲ ತಾನೆ? ನಿಮ್ಮ ಪುಟದ ಎರಡನೆಯ ಸಾಲನ್ನು ನೋಡಿ. ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆ ಗೀಟು ಹೊತ್ತ ‘ಎ’, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ನರು ಎರಡು ‘ಎಸ್’ಗೆ ಬದಲಾಗಿ ಬರೆಯುವ ಅಕ್ಷರ, ಸಣ್ಣ ‘ಕ್ಯೂ’, ಇನ್ನೊಮ್ಮೆ ಆ ‘ಎ’. ಇದು ‘ಕನ್ನಡ’ ಎಂಬ ಪದ. ‘ಪಿ’ ತಲೆಕಟ್ಟಿಲ್ಲದ ಕ, ಗೀಟಿನ ‘ಎ’ಯೇ ತಲೆಕಟ್ಟು, ಪೌಂಡ್ ಚಿಹ್ನೆ ನಮ್ಮ ನ, ಜರ್ಮನ್ ಅಕ್ಷರ ನಕಾರದ ಒತ್ತು, ‘ಕ್ಯೂ’ ಡ. ಅಶೋಕ ರಸ್ತೆಯ ಡಿಟಿಪಿ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು ಕೂಡಿಸಿದವನು ನಾನು. ಈ ಲಿಪಿಯನ್ನು ಕಣ್ಣಿನಿಂದಲೇ ಓದುತ್ತೇನೆ. ಹೆಮ್ಮೆಪಡುವ ವಿದ್ಯೆಯೇನಲ್ಲ, ಬಿಡಿ.

ಆಗ ನಡೆಯುತ್ತಿದ್ದುದು ಇಷ್ಟೇ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟುಗಳು ಇದ್ದವು. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ಮುಖವಾಡ ಕಳಚಿ ಪೌಂಡ್ ಚಿಹ್ನೆ ಹೊರಬೀಳುತ್ತದೆ. ನಿಮ್ಮ ಫೈಲ್ ಇರುವುದು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ವಿನ್ಯಾಸದಲ್ಲಿ. ‘ನುಡಿ 01 ಇ’ ಎಂಬ ಫಾಂಟನ್ನು ಅಳವಡಿಸಿ ಫೈಲ್ ತೆರೆಯಿರಿ, ತಂದೆಯವರ ಮಾತು ಎದುರಿಗೆ ಬರುತ್ತದೆ. ಶ್ರೀಲಿಪಿ ಅಥವಾ ಆಕೃತಿ ಎಂಬ ಬೇರೆ ತಂತ್ರಾಂಶಗಳಲ್ಲಿ ಟೈಪ್ ಮಾಡಿಸಿದ್ದರೆ ಅವುಗಳ ಲೆಕ್ಕವೇ ಬೇರೆಯಾಗಿರುತ್ತಿತ್ತು.

ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆಗೆ ಪರಿವರ್ತಿಸಿ. 1991ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಓಣಿ ಇದೆ; ಅಲ್ಲಿ ಕ ಎಂದರೆ ಕ, ಯಾರ ಮನೆಯಲ್ಲೂ ಬಾಡಿಗೆಗಿಲ್ಲ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮೂಲ ಫೈಲಿನ ಒಂದು ಪ್ರತಿಯನ್ನು ಮುಟ್ಟದೆ ಪಕ್ಕಕ್ಕೆ ಇಟ್ಟು ಆಮೇಲೆ ಕೈಹಾಕಿ. ಎರಡು ಕಡೆ ಎಡವಟ್ಟಾಗುತ್ತದೆ. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವೆಂಬ ಭ್ರಮೆಯಲ್ಲಿ ಪುಡಿಯಾಗುತ್ತವೆ. ಇನ್ನೊಂದು ಅರ್ಕಾವೊತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ಬಲಕ್ಕೆ ಕುಳಿತಿರುತ್ತದೆ; ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ‘ರ್’ ಅನ್ನು ಮೊದಲು ಕೇಳುತ್ತದೆ. ಒರಟು ಪರಿವರ್ತಕ ಇದನ್ನು ಅರಿಯದೆ ‘ಕಾರ್ಯಕ್ರಮ’ವನ್ನು ‘ಕಾಯರ್ಕ್ರಮ’ ಮಾಡುತ್ತದೆ, ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡುತ್ತದೆ. ಅಂತರಜಾಲದಲ್ಲಿ ‘ಕನಾರ್ಟಕ’ ಎಂದು ಕಂಡಾಗಲೆಲ್ಲ ಅಲ್ಲೊಂದು ಹಳೆಯ ಫೈಲ್ ಅವಸರದಲ್ಲಿ ಗಡಿ ದಾಟಿದೆ ಎಂದು ತಿಳಿಯಿರಿ. ‘ವಷರ್’, ‘ಸೂಯರ್’, ‘ಕಾಯರ್’ ಇವನ್ನು ಒಂದೊಂದಾಗಿ ಹುಡುಕಿ ತಿದ್ದಿ. ತಂದೆಯವರ ಊರಿನ ಹೆಸರು, ಜನರ ಹೆಸರುಗಳನ್ನು ಮಾತ್ರ ಮನೆಯವರೇ ಓದಿ ಸರಿಪಡಿಸಬೇಕು, ಅದು ಯಂತ್ರಕ್ಕೆ ಬಿಡುವ ಕೆಲಸವಲ್ಲ.

ಪ್ರಶ್ನೆ: ‘ರ‍್ಯಾಂಕ್’ ಎಂದು ಟೈಪ್ ಮಾಡಲು ಹೊರಟರೆ ‘ರ್ಯಾಂಕ್’ ಎಂದೇ ಮೂಡುತ್ತದೆ. ಪ್ರಬಂಧದ ಮಾರ್ಗದರ್ಶಕರು ಪ್ರತಿ ಸಲವೂ ಕೆಂಪು ಗೆರೆ ಎಳೆಯುತ್ತಾರೆ.
– ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಉತ್ತರ: ಮಾರ್ಗದರ್ಶಕರು ಹೇಳುವುದು ಸರಿ. ‘ರ್’ ನಂತರ ವ್ಯಂಜನ ಬಂದರೆ ಗಣಕ ಅರ್ಕಾವೊತ್ತನ್ನೇ ಹಾಕುತ್ತದೆ. ಬೇಡ ಎನ್ನಲು ‘ರ’ ಮತ್ತು ‘್’ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಜೋಡಕವನ್ನು ಇಡಬೇಕು. ವರ್ಡ್ ತಂತ್ರಾಂಶದಲ್ಲಿ ‘ರ’ ಒತ್ತಿ, ಇಂಗ್ಲಿಷಿಗೆ ಬದಲಿಸಿ 200 ಮತ್ತು ‘ಡಿ’ ಅಕ್ಷರವನ್ನು ಕೂಡಿಸಿ ಬರೆದು, ಆಲ್ಟ್ ಮತ್ತು ‘ಎಕ್ಸ್’ ಕೀಲಿಗಳನ್ನು ಒಟ್ಟಿಗೆ ಒತ್ತಿ. ಬರೆದದ್ದು ಮಾಯವಾಗುತ್ತದೆ, ಜೋಡಕ ಒಳಗೆ ಕೂತಿರುತ್ತದೆ. ಮುಂದೆ ‘್’, ‘ಯ’, ದೀರ್ಘ. ಒಮ್ಮೆ ಮಾಡಿಟ್ಟುಕೊಂಡು ನಕಲಿಸುತ್ತಿರಿ.

ಪ್ರಶ್ನೆ: ನಮ್ಮದು ಬೆಲ್ಲದ ಮಂಡಿ. ಮನೆಯಲ್ಲಿರುವ 2016ರ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ, ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಇನ್ನು ಇದು ಗುಜರಿಗೇ ಎಂದು ಹೇಳಿ ಹೊಸದನ್ನು ಮಾರಲು ಒಬ್ಬರು ದುಂಬಾಲು ಬಿದ್ದಿದ್ದಾರೆ. ವಿಂಡೋಸ್ ತೆಗೆದು ಅದರ ಜಾಗದಲ್ಲಿ ಉಚಿತವಾದ ಲಿನಕ್ಸ್ ಹಾಕಿಸಿದರೆ ಸಾಕು ಎಂದು ಅಳಿಯ ಹೇಳುತ್ತಾನೆ.
– ವರ್ತಕರು, ಮಂಡ್ಯ

ಉತ್ತರ: ಇಬ್ಬರದೂ ಅರ್ಧ ಸತ್ಯ. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು. ಹಾಗೆಂದು ಯಂತ್ರ ನಿಲ್ಲುವುದಿಲ್ಲ, ಭದ್ರತೆಯ ತೇಪೆಗಳು ಬರುವುದು ನಿಲ್ಲುತ್ತದೆ. ವಿಂಡೋಸ್ 11 ನಿಮ್ಮ ಯಂತ್ರವನ್ನು ಒಪ್ಪುವುದಿಲ್ಲ. ಅದು ಇಂಟೆಲ್‌ನ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರನ್ನೂ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಕೇಳುತ್ತದೆ. ಅಳಿಯ ಮರೆತದ್ದು ಏನೆಂದರೆ, ಟ್ಯಾಲಿ ಲಿನಕ್ಸಿನಲ್ಲಿ ನೇರವಾಗಿ ಓಡುವುದಿಲ್ಲ. ಆಲೆಮನೆಯವರಿಗೆ ಬಟವಾಡೆ ಮಾಡುವ ದಿನ ಲೆಕ್ಕ ತೆರೆಯದಿದ್ದರೆ ಅಳಿಯನನ್ನು ಹುಡುಕುತ್ತಾ ಕೂರಲು ಆಗುತ್ತದೆಯೇ?

ಮನೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆ ಒದಗಿಸುವ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಇಟ್ಟಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕು ಸೆಟ್ಟಿಂಗುಗಳ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತದೆ. ಆ ಗಡುವಿನೊಳಗೆ ಟ್ಯಾಲಿಗಾಗಿ ಬೇರೊಂದು ಯಂತ್ರವನ್ನು ನಿಧಾನವಾಗಿ, ನಾಲ್ಕು ಕಡೆ ವಿಚಾರಿಸಿ ಕೊಳ್ಳಿ. ಹಳೆಯದಕ್ಕೆ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿ ಲಿನಕ್ಸಿನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ತುಂಬಿಸಿ ಮೊಮ್ಮಕ್ಕಳಿಗೆ ಕೊಡಿ, ಗುಜರಿಯವನಿಗೆ ಬೇಡ.

ಪ್ರಶ್ನೆ: ಮುಖ್ಯವಾದ ಫೈಲುಗಳನ್ನು ಒಂದು ಒಳ್ಳೆಯ ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿ ಇಟ್ಟರೆ ಸಾಲದೇ?
– ಗೃಹಿಣಿ, ಸರಸ್ವತಿಪುರಂ

ಉತ್ತರ: ಸಾಲದು. ಪೆನ್‌ಡ್ರೈವಿನಲ್ಲಿ ಮಾಹಿತಿ ನಿಂತಿರುವುದು ವಿದ್ಯುತ್ ಕಣಗಳ ರೂಪದಲ್ಲಿ. ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದು ಮೆಲ್ಲಗೆ ಸೋರುತ್ತದೆ. ಎರಡು ಬೇರೆ ಬಗೆಯ ಸಾಧನಗಳಲ್ಲಿ ಇಡಿ, ಮೂರನೆಯ ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲೋ ಆನ್‌ಲೈನಿನಲ್ಲೋ ಇರಲಿ. ಅಂಗಡಿಯಲ್ಲಿದ್ದಾಗ ಪ್ರಾಧ್ಯಾಪಕರೊಬ್ಬರ ಪ್ರಬಂಧವನ್ನು 1.44 ಎಂಬಿಯ ಮೂರು ಫ್ಲಾಪಿಗಳಲ್ಲಿ ಹಂಚಿ ಇಟ್ಟಿದ್ದೆ, ಬೇರೆ ಪ್ರತಿ ಮಾಡಿರಲಿಲ್ಲ. ಮಳೆಗಾಲ ಕಳೆದು ನೋಡಿದರೆ ಎರಡನೆಯದಕ್ಕೆ ಬೂಷ್ಟು ಹಿಡಿದಿತ್ತು. ನಡುವಿನ ಎರಡು ಅಧ್ಯಾಯಗಳನ್ನು ಅವರು ಮತ್ತೆ ಹೇಳಿ ಬರೆಸಿದರು, ನಾನು ಕೂಲಿ ಕೇಳಲಿಲ್ಲ. ಮೊದಲನೆಯದೂ ಮೂರನೆಯದೂ ಈಗಲೂ ನನ್ನ ಮೇಜಿನ ಖಾನೆಯಲ್ಲಿವೆ.