ಮೀಸಲು ತಂಡ ಮೇಲೇರಲಾರದು ಏಕೆ?

ಸ್ಪೇನ್ ಫುಟ್ಬಾಲ್‌ನ ಎರಡನೇ ಹಂತವಾದ ಸೆಗುಂಡಾ ಗೆದ್ದರೂ ರಿಯಲ್ ಮ್ಯಾಡ್ರಿಡ್‌ನ ಮೀಸಲು ('ಬಿ') ತಂಡ ಕ್ಯಾಸ್ಟಿಲ್ಯಾಗೆ ಬಡ್ತಿ ಯಾಕಿಲ್ಲ, ಹಾಗಾದರೆ ಅಭಿಮಾನಿಗಳಿಗೆ ಅದರಲ್ಲಿ ಏನು ಉಳಿಯುತ್ತೆ ಅಂತ ಕೇಳಿದ್ದೀರಿ. ನಿಯಮ ಸರಳ: ಮೀಸಲು ತಂಡ ಮೂಲ ತಂಡದ ಡಿವಿಷನ್‌ನಲ್ಲಿ ಆಡುವಂತಿಲ್ಲ. 1983-84ರಲ್ಲಿ ಕ್ಯಾಸ್ಟಿಲ್ಯಾ ಮೊದಲ, ಅಥ್ಲೆಟಿಕ್ ಕ್ಲಬ್‌ನ ಮೀಸಲು ತಂಡ ಬಿಲ್ಬಾವೊ ಅಥ್ಲೆಟಿಕ್ ಎರಡನೇ ಸ್ಥಾನ. ಎರಡೂ ಅಲ್ಲೇ ಉಳಿದವು, ಅವುಗಳ ಕೆಳಗಿದ್ದ ತಂಡಗಳು ಮೊದಲ ಹಂತವಾದ ಲಾ ಲಿಗಾಗೆ ಹೋದವು.

ಇದಕ್ಕಿಂತ ಕ್ರೂರವಾದದ್ದು ಉಲ್ಟಾ ಪ್ರಸಂಗ. 2012ರ ಮೇ ತಿಂಗಳು, ಕೊನೆಯ ಪಂದ್ಯ, ವಿಯ್ಯಾರಿಯಲ್‌ಗೆ ಲಾ ಲಿಗಾದಲ್ಲಿ ಉಳಿಯಲು ಡ್ರಾ ಸಾಕಿತ್ತು. 88ನೇ ನಿಮಿಷಕ್ಕೆ ಅಟ್ಲೆಟಿಕೊದ ಫಾಲ್ಕಾವೊ ತಲೆಯಿಂದ ಗೋಲು ಹೊಡೆದ. ಮೂಲ ತಂಡ ಸೆಗುಂಡಾಗೆ ಬಿತ್ತು. ಅಲ್ಲಿ ಸುರಕ್ಷಿತ ಸ್ಥಾನದಲ್ಲಿದ್ದ ಅದರ 'ಬಿ' ತಂಡವನ್ನು ಈ ಬೀಳುವಿಕೆಯೇ ಮೂರನೇ ಹಂತಕ್ಕೆ ದೂಡಿತು. ಆ ಹುಡುಗರು ಮಾಡಿದ ತಪ್ಪೇನೂ ಇರಲಿಲ್ಲ, ನನ್ನ ಮಟ್ಟಿಗೆ ಇದು ಅನ್ಯಾಯವೇ.

ಸ್ಪೇನ್‌ನ ನಾಕೌಟ್ ಕಪ್ ಕೋಪಾ ಡೆಲ್ ರೇ ಬಾಗಿಲೂ ಮೀಸಲು ತಂಡಗಳಿಗೆ 1990ರಿಂದ ಮುಚ್ಚಿದೆ. ಅದಕ್ಕೆ ಮೊದಲು, 1980ರಲ್ಲಿ, ಕ್ಯಾಸ್ಟಿಲ್ಯಾ ಫೈನಲ್‌ಗೇ ಬಂದು ಸ್ವಂತ ರಿಯಲ್ ಮ್ಯಾಡ್ರಿಡ್ ಎದುರು 6-1ರಿಂದ ಸೋತಿತ್ತು.

ಅಭಿಮಾನಿಗಳು ನೋಡುವುದು ಅಂಕಪಟ್ಟಿಗಿಂತ ಹುಡುಗರನ್ನು. ರಿಯಲ್ ಸೊಸಿಯೆದಾದ್‌ನ ಮೀಸಲು ತಂಡ 'ಸಾನ್ಸೆ'ಯನ್ನೇ ಗಮನಿಸಿ: ಷಾಬಿ ಅಲೊನ್ಸೊ ತರಬೇತಿಯಲ್ಲಿ 2021ರಲ್ಲಿ ಸೆಗುಂಡಾ ಏರಿ, ಮರುವರ್ಷವೇ ಇಳಿಯಿತು. ಮಿಂಚಿದವನನ್ನು ಮೂಲ ತಂಡ ಋತುವಿನ ನಡುವೆಯೇ ಕರೆಸಿಕೊಳ್ಳುತ್ತೆ, 'ಬಿ' ತಂಡ ಸೊರಗುತ್ತೆ. ಮೂಲ ತಂಡದ ಪಂದ್ಯದಲ್ಲಿ 26 ಅಥವಾ ಅದಕ್ಕೂ ಹೆಚ್ಚಿನ ಅಂಗಿ ಸಂಖ್ಯೆ ಕಂಡರೆ, ಅವನು ಮೀಸಲಿನಿಂದ ಬಂದವನು ಅಂದುಕೊಳ್ಳಿ.