ಅಜ್ಜನ ಬೀಗಗಳನ್ನು ಗುಜರಿಗೆ ಹಾಕಬೇಡಿ

ಕಲಬುರಗಿಯ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯ “ಏನನ್ನೂ ಎಸೆಯದ ದೇಸಾಯರ ಮ್ಯೂಜಿಯಂ” ಎಂಬ ನಗೆಬರಹ ಓದಿದಂದಿನಿಂದ, ನನ್ನ ಅಜ್ಜ ಕೂಡಿಟ್ಟ ಹಳೆಯ ಬೀಗಗಳ ಪೆಟ್ಟಿಗೆಯನ್ನು ಗುಜರಿಗೆ ಹಾಕಿರೆಂದು ಮನೆಯವರು ಬೆನ್ನು ಹತ್ತಿದ್ದಾರೆ. ಆ ಮ್ಯೂಜಿಯಂ ನಿಜವಾಗಿ ಇದೆಯೆ? ಕೂಡಿಡುವವರನ್ನು ಹೀಗೆ ನಗೆಗೀಡು ಮಾಡಬಹುದೆ?’

ಸಂಪಾದಕರ ಉತ್ತರ:

ಮಾನ್ಯರೆ, ದೇಸಾಯರೂ ಅವರ ಹೆಸರಿನ ಮ್ಯೂಜಿಯಮ್ಮೂ ಲೇಖಕರ ಕಲ್ಪನೆ. ಆದರೆ ಅಂಥ ಹುಚ್ಚು ಕಲ್ಪನೆಯಲ್ಲ, ನಮ್ಮ ಸೀಮೆಗೆ ದೂರದ್ದೂ ಅಲ್ಲ. ಕಲಬುರಗಿ, ಬೀದರ್‌ಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1912ರಿಂದ 1914ರವರೆಗೆ ನಿಜಾಮರ ಪ್ರಧಾನಿಯಾಗಿದ್ದ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು ಅಧಿಕಾರ ಬಿಟ್ಟ ಮೇಲೆ ತಮ್ಮ ಆಯುಷ್ಯವನ್ನೂ ಹಣವನ್ನೂ ವಸ್ತುಗಳನ್ನು ಕೂಡಿಸುವುದಕ್ಕೇ ಸುರಿದರು. ಹಸ್ತಪ್ರತಿ, ಜೇಡ್ ಕಲ್ಲಿನ ಬಟ್ಟಲುಗಳ ಜೊತೆಗೆ ಊರುಗೋಲುಗಳೂ ಆಟಿಕೆ ಸಿಪಾಯಿಗಳೂ ಅವರಿಗೆ ಬೇಕಾಗಿದ್ದವು. ಅವರು ಮದುವೆಯಾಗಿರಲಿಲ್ಲ, 1949ರಲ್ಲಿ ತೀರಿಕೊಂಡಾಗ ನೇರ ವಾರಸುದಾರರು ಇರಲಿಲ್ಲ. ಹೈದರಾಬಾದಿನಲ್ಲಿ ಅವರ ಮನೆಯಾದ ದಿವಾನ್ ದೇವಡಿಯಲ್ಲಿಯೇ 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಅವರು ಆ ಸಂಗ್ರಹವನ್ನು ಜನರಿಗೆ ತೆರೆದರು. ಅದೇ ಸಾಲಾರ್ ಜಂಗ್ ಮ್ಯೂಜಿಯಂ. 1968ರಲ್ಲಿ ಅದು ಅದೇ ಊರಿನ ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂದಿತು. ಇಂದಿಗೂ ಅಲ್ಲಿಯ ಗಡಿಯಾರದೊಳಗಿಂದ ಗಂಟೆಗೊಮ್ಮೆ ಗಡ್ಡದ ಪುಟ್ಟ ಗೊಂಬೆಯೊಂದು ಹೊರಬಂದು ಜಾಗಟೆ ಬಾರಿಸಿ ಒಳಹೋಗುತ್ತದೆ. ಅದನ್ನು ನೋಡಲು ಮಕ್ಕಳೂ ಮುದುಕರೂ ಸಾಲಾಗಿ ಕುಳಿತು ಕಾಯುತ್ತಾರೆ. ಒಬ್ಬರ ಹುಚ್ಚಿನಿಂದ ಇಷ್ಟು ಜನರಿಗೆ ದಕ್ಕಿದ ಈ ಸಂತೋಷವನ್ನು ನಾನು ಸಣ್ಣದೆಂದು ಎಣಿಸಲಾರೆ.

ನಮ್ಮ ನಗೆಬರಹ ನಕ್ಕಿದ್ದು ಕೂಡಿಡುವುದನ್ನಲ್ಲ. ಅದರಲ್ಲಿಯ ದೇಸಾಯರು ಬೀಗಗಳನ್ನು ಒಂದು ಕೋಣೆಯಲ್ಲಿ, ಕೀಲಿಕೈಗಳನ್ನು ಇನ್ನೊಂದು ಕೋಣೆಯಲ್ಲಿ ಇಡಿಸಿ, ಚೀಟಿಗಳ ಮೇಲೆ ಕೊಂಡ ಬೆಲೆಯನ್ನಷ್ಟೇ ಬರೆಸಿದ್ದರಿಂದ, ಕೊನೆಗೆ ಮ್ಯೂಜಿಯಮ್ಮಿನ ಬಾಗಿಲನ್ನೇ ತೆರೆಯಲಾಗದೆ ಉದ್ಘಾಟನೆ ಅಂಗಳದಲ್ಲಿ ನಡೆಯಬೇಕಾಯಿತು. ವಸ್ತು ಉಳಿದು ಅದರ ಸಂಗತಿ ಅಳಿದರೆ ಉಳಿಸಿದವರ ಶ್ರಮ ವ್ಯರ್ಥವಾಗುತ್ತದೆಂಬ ಸಂಕಟವೇ ಆ ನಗೆಯ ಮೂಲ.

ಆದ್ದರಿಂದ ಆ ಪೆಟ್ಟಿಗೆಯನ್ನು ದಯವಿಟ್ಟು ಮನೆಯಿಂದ ಹೊರಹಾಕಬೇಡಿ. ಪ್ರತಿ ಬೀಗಕ್ಕೂ ಅದರದೇ ಕೀಲಿಕೈ ಕಟ್ಟಿ, ಯಾವ ಊರಿನದು, ವಾಡೆಯ ಬಾಗಿಲಿನದೋ ಕಾಳಿನ ಕೋಣೆಯದೋ, ಅಜ್ಜನಿಗೆ ಯಾರು ಕೊಟ್ಟರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಹಿತ್ತಾಳೆಯ ಬೀಗಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹೊಳಪು ಬರುತ್ತದೆ, ಆದರೆ ಕೊರೆದ ಅಕ್ಷರಗಳು ಸವೆಯುತ್ತವೆ. ಬಳಿಕ, ನಿಮ್ಮ ಊರಿನಲ್ಲಿಯೇ ಬಹಮನಿ ಕಾಲದ ಗುಮ್ಮಟಗಳಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯದವರಿಗೆ ಒಮ್ಮೆ ತೋರಿಸಿ. ಪಟ್ಟಿಯ ಒಂದು ಪ್ರತಿಯನ್ನು ನಮಗೂ ಕಳುಹಿಸಿದರೆ ಸಂತೋಷದಿಂದ ಅಚ್ಚು ಹಾಕುತ್ತೇವೆ.