ಮಗಳು ಎರಡೇ ಸ್ಟಾರ್ ಕೊಟ್ಟರೆ ಕೊಡಲಿ ಬಿಡಿ

ಅಕ್ಕಾವ್ರೇ, ಒಂಬತ್ತನೇ ಕ್ಲಾಸಿನ ಮಗಳು ಓದಿದ ಪುಸ್ತಕಕ್ಕೆಲ್ಲ ನೋಟ್‌ಬುಕ್ಕಿನಲ್ಲಿ ಸ್ಟಾರ್ ಹಾಕುತ್ತಾಳೆ, ದೊಡ್ಡ ಲೇಖಕರಿಗೂ ಎರಡೇ ಕೊಡುತ್ತಾಳೆ, ತಡೆಯಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ತಡೆಯಬೇಡಿ.

ನಾನು ರಾಯಚೂರಿನಲ್ಲಿ ನಮ್ಮ ಓಣಿಯ ಏಳೆಂಟು ಹುಡುಗ ಹುಡುಗಿಯರನ್ನು ಭಾನುವಾರ ಕೂಡಿಸಿ ಓದಿಸುತ್ತೇನೆ. ಸ್ಟಾರ್ ಎಷ್ಟು ಅಂತ ಕೊನೆಗೆ ಕೇಳುತ್ತೇನೆ. ಮೊದಲು ಕೇಳುವುದು, ಯಾವ ಪುಟದಲ್ಲಿ ಬೇಸರ ಬಂತು? ಒಬ್ಬ ಹುಡುಗ 'ಬೋರ್' ಅಂತ ಒಂದೇ ಸ್ಟಾರ್ ಕೊಟ್ಟಿದ್ದ. ಪುಟ ತೆಗೆಸಿದೆ. ಕಥೆಯ ಹುಡುಗನಿಗೆ ಹದಿನೈದು ವರ್ಷ, ಮಾತು ಮಾತ್ರ ಮೇಷ್ಟ್ರದ್ದು. 'ನಾವು ಹೀಗೆ ಮಾತಾಡಲ್ಲ ಸರ್' ಅಂದ. ಎಷ್ಟು ಸರಿಯಾದ ಮಾತು ಅಲ್ವಾ? ಅದನ್ನೇ ಬರೆಯಲು ಹೇಳಿದೆ. ಸುಮ್ನೆ ಹಾಕಿದ ಸ್ಟಾರಿಗಿಂತ ಆ ಒಂದು ಸಾಲಿಗೆ ಬೆಲೆ ಜಾಸ್ತಿ.

ಇನ್ನೊಂದು ಮಾತು. ನಿಮ್ಮ ಕೊಪ್ಪಳವನ್ನು 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ಊರುಗಳಲ್ಲಿ ಹೆಸರಿಸುತ್ತದೆ. ಈ ನಾಡಿನಲ್ಲಿ ಚಿಕ್ಕ ಮಕ್ಕಳಿಗೂ ಮಾತಿನ ವಿವೇಕ ಗೊತ್ತು ಅಂತಲೂ ಹೇಳುತ್ತದೆ. ಮಗಳಿಗೆ ಇದನ್ನು ಹೇಳಿ, ಖುಷಿಪಡುತ್ತಾಳೆ.

ಆರು ತಿಂಗಳಾದ ಮೇಲೆ ಅದೇ ಪುಸ್ತಕ ಮತ್ತೆ ಓದಲಿ. ಹಳೇ ಸ್ಟಾರ್ ಅಳಿಸದೆ ಪಕ್ಕದಲ್ಲೇ ಹೊಸದು ಹಾಕಲಿ, ತಾರೀಖಿನ ಸಮೇತ.